ತಪ್ಪು ರೂಟರ್‌ನದೇ!

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಎರಡು ಮಾತುಗಳನ್ನು ಬಾಯಿಂದ ಹೊರಬಿಟ್ಟವನಲ್ಲ. ಒಂದು, ‘ರಿಪೇರಿಯವನನ್ನು ಕರೆಸೋಣ’. ಇನ್ನೊಂದು, ‘ತಪ್ಪು ನನ್ನದು’. ಆ ಭಾನುವಾರ ಬೆಳಿಗ್ಗೆಯೂ ಇವನ್ನು ಹೇಳುವ ಇರಾದೆ ನನಗೆ ಎಳ್ಳಷ್ಟೂ ಇರಲಿಲ್ಲ. ಈಗಲೂ ಹೇಳಿಲ್ಲವೆಂದೇ ವಾದಿಸುತ್ತಿದ್ದೆ. ಆದರೇನು ಮಾಡಲಿ, ಎರಡನೆಯದಕ್ಕೆ ಲಿಖಿತ ಸಾಕ್ಷ್ಯವಿದೆ!

ನನ್ನ ಹೆಂಡತಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಅವಳಿಗೆ ಈಜು ಕಲಿಯುವ ಹುಚ್ಚು. ನಗರದ ಈಜುಕೊಳದಲ್ಲಿ ನಲವತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಂದೇ ತರಗತಿ, ಇಪ್ಪತ್ತೇ ಜಾಗ. ಅರ್ಜಿ ಹಾಕುವುದು ಅವರ ವೆಬ್‌ಸೈಟಿನಲ್ಲಿ ಮಾತ್ರ. ಮೂರು ವರ್ಷದಿಂದ ಅರ್ಜಿಯ ದಿನವೇ ಡ್ಯೂಟಿ ಬಿದ್ದು ಜಾಗ ಕೈತಪ್ಪಿತ್ತು. ಈ ಸಲ ರಜೆ ಹಾಕಿ, ತಲೆಗೆ ಸ್ನಾನ ಮಾಡಿ, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕಂಪ್ಯೂಟರ್ ಮುಂದೆ ಕೂತಿದ್ದಳು.

ಹತ್ತು ಹೊಡೆಯಿತು.

“ರೀ, ಈ ಸೈಟ್ ತೆರೀತಾನೇ ಇಲ್ಲ!”

“ತೆರೀದೆ ಎಲ್ಲಿ ಹೋಗುತ್ತೆ? ಸ್ವಲ್ಪ ಆ ಕಡೆ ಸರಿ.”

ನೋಡಿದೆ. ‘ಈ ವಿಳಾಸ ಸಿಗುತ್ತಿಲ್ಲ’ ಎಂದು ಪರದೆ ಮುಖಕ್ಕೆ ಹೊಡೆದ ಹಾಗೆ ಹೇಳಿತು. ಸುದ್ದಿ ತೆರೆಯಿತು, ಹವಾಮಾನ ತೆರೆಯಿತು, ರೈಲಿನ ವೇಳಾಪಟ್ಟಿಯೂ ತೆರೆಯಿತು. ಈಜುಕೊಳ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ!

“ಇದು ಡಿಎನ್‌ಎಸ್!” ಎಂದು ಘೋಷಿಸಿದೆ. ಆ ಪದವನ್ನು ನಮ್ಮ ಆಫೀಸಿನ ಕಂಪ್ಯೂಟರ್ ರಿಪೇರಿಯವನ ಬಾಯಲ್ಲಿ ಕೇಳಿದ್ದೆ. “ನಾವು ಸೈಟಿನ ಹೆಸರು ಹೇಳ್ತೀವಿ. ಆ ಹೆಸರಿಗೆ ಯಾವ ನಂಬರು ಅಂತ ಹುಡುಕಿ ಕೊಡೋ ಗುಮಾಸ್ತನೇ ಡಿಎನ್‌ಎಸ್. ಆ ಗುಮಾಸ್ತ ಈಗ ನಿದ್ದೆ ಹೊಡೀತಿದ್ದಾನೆ.”

“ಹಾಗಿದ್ರೆ ನಿಮ್ಮ ಸೆಕ್ಷನ್ನಿನವನೇ ಇರ್ಬೇಕು.”

ನಾನು ದಾಖಲೆ ವಿಭಾಗದ ಮುಖ್ಯಸ್ಥ. ಈ ಮಾತಿಗೆ ಸೊಪ್ಪು ಹಾಕಲಿಲ್ಲ.

“ಗೇಟಿನ ಹತ್ರ ಮೊಬೈಲಲ್ಲೇ ಇಂಟರ್ನೆಟ್ ಬರುತ್ತಲ್ಲ, ಅಲ್ಲಿ ನಿಂತು ಅರ್ಜಿ ಹಾಕ್ಲಾ?” ಎಂದಳು.

“ನಾನು ಮನೇಲಿ ಬದುಕಿರುವಾಗ ನೀನು ಬೀದೀಲಿ ನಿಂತು ಅರ್ಜಿ ಹಾಕ್ತೀಯಾ? ಹತ್ತು ನಿಮಿಷ ಕೊಡು. ಆ ಈಜುಕೊಳವನ್ನ ಕಿವಿ ಹಿಡಿದು ಒಳಗೆ ಎಳ್ಕೊಂಡು ಬರ್ತೀನಿ!”

ಮಹಾಯುದ್ಧ ಶುರುವಾಯಿತು. ನಮ್ಮ ರೂಟರ್ ಇರುವುದು ಹಿಂದಿನ ಓಣಿಯಂಥ ಜಾಗದಲ್ಲಿ, ಚಪ್ಪಲಿ ಕಪಾಟಿನ ಮೇಲೆ. ಆರಿಸಿ, ಮೂವತ್ತರವರೆಗೆ ಎಣಿಸಿ, ಹಾಕಿದೆ. ದೀಪಗಳೆಲ್ಲ ಮಿಟುಕಿದವು. ಸೈಟ್ ತೆರೆಯಲಿಲ್ಲ. ಈ ಸಲ ಅರವತ್ತರವರೆಗೆ ಎಣಿಸಿದೆ. ಊಹೂಂ!

ಅಷ್ಟರಲ್ಲಿ ಹೆಂಡತಿಯ ವಾರ್ಡಿನ ಗೆಳತಿಯ ಫೋನು. “ನಂಗೆ ಸಿಕ್ತು ಕಣೇ! ಬೇಗ ಹಾಕು, ಇನ್ನು ಹದಿಮೂರೇ ಇದೆ!”

ಹೆಂಡತಿ ನನ್ನ ಮುಖ ನೋಡಿದಳು. ನಾನು ವೈರ್ ನೋಡಿದೆ.

“ವೈರ್‌ನಲ್ಲೇ ಏನೋ ಇದೆ,” ಎಂದು ಅದರ ಜಾಡು ಹಿಡಿದು, ಪಕ್ಕದಲ್ಲಿ ಓಡುತ್ತಿದ್ದ ವಾಷಿಂಗ್ ಮೆಷಿನ್ನಿನ ಹಿಂದೆ ತೆವಳಿದೆ.

“ನೀವು ತೆವಳ್ತಿರಿ, ನಾನು ಒಣಗಿದ ಬಟ್ಟೆ ತರ್ತೀನಿ,” ಎಂದು ಅವಳು ಹೊರಗೆ ಹೋದಳು. ಏಳೆಂಟು ನಿಮಿಷ ಬಿಟ್ಟು ಬಂದಾಗ ಕೈಯಲ್ಲಿ ಇದ್ದದ್ದು ಒಂದೇ ಒಂದು ಟವೆಲ್. ಅಂಥ ಸಣ್ಣಪುಟ್ಟ ವಿಷಯಗಳನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೆಷಿನ್ನಿಗೂ ಗೋಡೆಗೂ ನಡುವೆ ನನ್ನ ಹೊಟ್ಟೆ ಸಿಕ್ಕಿಕೊಂಡಿತ್ತು!

“ಸಿಕ್ಕಾಕ್ಕೊಂಡ್ರಾ?”

“ಇಲ್ಲ, ಪರಿಶೀಲನೆ ಮಾಡ್ತಿದ್ದೀನಿ!” ಎಂದು ಗುಡುಗಿ, ಕಾಲು ಝಾಡಿಸಿ ಹೊರಬರಲು ನೋಡಿದೆ. ಕಾಲಿಗೆ ಮೆಷಿನ್ನಿನ ನೀರು ಹೋಗುವ ಪೈಪು ತಾಗಿ ಕಳಚಿಕೊಂಡಿತು. ಹೆಂಡತಿಯ ಯೂನಿಫಾರಂ ತೊಳೆದ ನೊರೆನೀರು ಭುಸ್ಸೆಂದು ನುಗ್ಗಿ, ಚಪ್ಪಲಿಗಳನ್ನು ತೇಲಿಸಿಕೊಂಡು ನಡುಮನೆಯವರೆಗೆ ಹೋಯಿತು.

ಕಾಲೇಜಿಗೆ ಹೋಗುವ ಮಗಳು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂಗಿದಳು. “ಅಮ್ಮಾ, ಅರ್ಜಿ ಹಾಕೋದೇ ಬೇಡ, ಅಪ್ಪ ಕೊಳಾನೇ ಮನೆಗೆ ತಂದ್ರು!”

ಗೆಳತಿಯ ಫೋನು ಮತ್ತೆ ಬಂತು. ಆರು ಉಳಿದಿದ್ದವು!

“ಕಂಪನಿಗೆ ಫೋನ್ ಮಾಡಿ ಸಾಕು,” ಎಂದಳು ಹೆಂಡತಿ, ನೆಲ ಒರೆಸುತ್ತಾ.

“ಮಾಡ್ತೀನಿ. ಸಹಾಯ ಕೇಳೋಕಲ್ಲ, ಚಳಿ ಬಿಡಿಸೋಕೆ!”

ಇಂಟರ್ನೆಟ್ ಕಂಪನಿಯ ಹುಡುಗಿ ಸಿಕ್ಕಳು. ದನಿ ಜೇನಿನಂತಿತ್ತು. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು.

“ಸರ್, ರೂಟರ್ ಹಿಂದೆ ಒಂದು ಸಣ್ಣ ತೂತಿದೆ. ಅದಕ್ಕೆ ಪಿನ್ ಚುಚ್ಚಿದ್ರೆ ಎಲ್ಲಾ ಮೊದಲಿನ ಹಾಗೆ ಆಗುತ್ತೆ.”

“ಖಂಡಿತ ಆಗಲ್ಲ! ನಾನು ಕೈಯಾರೆ ಮಾಡಿರೋ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತೆ.”

“ಏನೇನು ಸೆಟ್ಟಿಂಗ್ ಮಾಡಿದ್ದೀರಿ ಸರ್?”

“ಅದು... ಬಹಳ ಇವೆ!”

ಅವಳು ಅಲ್ಲಿಂದಲೇ ಏನೋ ಒತ್ತಿ ನೋಡಿದಳು. “ಸರ್, ನಿಮ್ಮ ರೂಟರ್‌ನಲ್ಲಿರೋದು ನಮ್ಮ ಡಿಎನ್‌ಎಸ್ ಅಲ್ಲ. ಯಾರೋ ಬೇರೆ ನಂಬರ್ ಹಾಕಿದ್ದಾರೆ. ಅದು ಆಟ, ಪಂದ್ಯ, ಕ್ರೀಡೆ ಸೈಟುಗಳನ್ನೆಲ್ಲ ತಡೆಯೋ ನಂಬರು. ಈಜುಕೊಳವೂ ಕ್ರೀಡೆ ಲೆಕ್ಕಕ್ಕೇ ಬರುತ್ತೆ.”

ಸಿಕ್ಕಿಬಿದ್ದರು ಕಳ್ಳರು! ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ಪಂದ್ಯದ ಸ್ಕೋರೂ ತೆರೆಯುತ್ತಿರಲಿಲ್ಲ. ನಾನು ಗಡ್ಡ ಇಲ್ಲದಿದ್ದರೂ ಕ್ಷೌರದಂಗಡಿಗೆ ಹೋಗಿ ಸ್ಕೋರು ನೋಡಿ ಬರುತ್ತಿದ್ದೆ. ಆ ಅಂಗಡಿಯವನ ಎದುರು ಈ ಕಂಪನಿಯನ್ನು ಬೈದದ್ದಕ್ಕೆ ಲೆಕ್ಕವಿಲ್ಲ.

“ನಿಮ್ಮವರೇ ಯಾರೋ ಬಂದು ಮಾಡಿದ್ದು! ಬರ್ಕೊಳ್ಳಿ ನನ್ನ ದೂರು: ಇದನ್ನು ಮಾಡಿದವನು ಶುದ್ಧ ಅವಿವೇಕಿ. ಅಂಥವನನ್ನು ಯಂತ್ರದ ಹತ್ತಿರ ಬಿಟ್ಟವರಿಗೂ ಬುದ್ಧಿ ಇಲ್ಲ. ಬರ್ಕೊಂಡ್ರಾ?”

“ಬರ್ಕೊಂಡೆ ಸರ್. ದೂರಿಗೆ ರೂಟರ್ ಅಡಿಯಲ್ಲಿರೋ ನಂಬರ್ ಬೇಕು.”

ನನ್ನ ಕನ್ನಡಕಕ್ಕೆ ನೊರೆ ಹತ್ತಿತ್ತು. ಹೆಂಡತಿ ರೂಟರನ್ನು ಎತ್ತಿ ಬೋರಲು ಹಾಕಿದಳು. ಅಲ್ಲಿ ಅಂಟಿದ್ದ ಚೀಟಿಯತ್ತ ಬಗ್ಗಿದಳು. ಆಮೇಲೆ ಫೋನಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು.

“‘ಮಗಳ ಪರೀಕ್ಷೆಯ ಪ್ರಯುಕ್ತ ಡಿಎನ್‌ಎಸ್ ಬದಲಾಯಿಸಿ, ಆಟೋಟಗಳನ್ನು ತಡೆಹಿಡಿಯಲಾಗಿದೆ. ಪರೀಕ್ಷೆ ಮುಗಿದ ಕೂಡಲೇ ಯಥಾಸ್ಥಿತಿಗೆ ತರತಕ್ಕದ್ದು.’ ಕೆಳಗೆ ಸಹಿ, ದಿನಾಂಕ. ಸಹಿ ಯಾರದ್ದು ಅಂತ ಹೇಳ್ಲಾ?”

ಹೇಳಬೇಕಾಗಿರಲಿಲ್ಲ. ಆ ಸಹಿಯ ಬಾಲ ಇಡೀ ಆಫೀಸಿಗೇ ಗೊತ್ತು! ಕಡತವಿರಲಿ, ಉಪ್ಪಿನ ಡಬ್ಬಿಯಿರಲಿ, ಮುಟ್ಟಿದ್ದಕ್ಕೆಲ್ಲ ಚೀಟಿ ಅಂಟಿಸಿ ಸಹಿ ಹಾಕುವುದು ನನ್ನ ಪದ್ಧತಿ. ಚೀಟಿ ಅಂಟಿಸಿದ ಮೇಲೆ ನೆನಪಿಟ್ಟುಕೊಳ್ಳುವ ಹೊಣೆ ಚೀಟಿಯದು, ನನ್ನದಲ್ಲ. ಹಾಗಾಗಿ ಧಾರಾಳವಾಗಿ ಮರೆತಿದ್ದೆ.

“ಸರ್, ದೂರು ಮುಂದುವರಿಸ್ಲಾ?” ಜೇನಿನ ದನಿ ಕೇಳಿತು.

“ಬೇಡಮ್ಮಾ.”

“ಅಂದ್ರೆ ಅವತ್ತು ಫೈನಲ್ ಪಂದ್ಯದ ಸ್ಕೋರ್ ತೆರೀದೇ ಇದ್ದಿದ್ದು ಕಂಪನಿಯಿಂದ ಅಲ್ವಾ ಅಪ್ಪಾ?” ಎಂದು ಮಗಳು ಮೆಲ್ಲಗೆ ಬಾಣ ಬಿಟ್ಟಳು.

ಆ ಹುಡುಗಿ ಹೇಳಿಕೊಟ್ಟಂತೆ ನಂಬರು ಬದಲಾಯಿಸಿದೆ. ಈಜುಕೊಳದ ಸೈಟು ಥಟ್ಟನೆ ತೆರೆಯಿತು. ನೀಲಿ ನೀರು, ನಗುತ್ತಿರುವ ಹೆಂಗಸರು, ಅವರ ಮೇಲೆ ದಪ್ಪಕ್ಷರದಲ್ಲಿ: ‘ಎಲ್ಲ ಸ್ಥಾನಗಳೂ ಭರ್ತಿಯಾಗಿವೆ.’

ಮೂರು ವರ್ಷ ಕಾದವಳು. ಗೇಟಿನ ಹತ್ತಿರ ಹೋಗುತ್ತೇನೆಂದವಳನ್ನು ತಡೆದವನು ನಾನು. ಅವಳು ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

“ತಪ್ಪು...” ಒಂದು ಒದ್ದೆ ಚಪ್ಪಲಿಯನ್ನು ಎತ್ತಿಟ್ಟೆ. “ತಪ್ಪು ನನ್ನದು.”

“ಏನಂದ್ರಿ? ಕೇಳಿಸ್ಲಿಲ್ಲ.”

“ತಪ್ಪು ನನ್ನದು!”

“ಬಾಯಿ ಮಾತು ಬೇಡ. ನಿಮ್ಮ ಪದ್ಧತಿ ಪ್ರಕಾರವೇ ಆಗ್ಲಿ,” ಎಂದು ಖಾಲಿ ಚೀಟಿ, ಪೆನ್ನು ಮುಂದಿಟ್ಟಳು.

ಬರೆದೆ. ಸಹಿ ಹಾಕಿದೆ. ದಿನಾಂಕವನ್ನೂ ಹಾಕಿದೆ. ಅವಳು ಅದನ್ನು ಎರಡು ಸಲ ಓದಿ, ರೂಟರ್‌ನ ಅಡಿಗಲ್ಲ, ನೆತ್ತಿಯ ಮೇಲೇ ಅಂಟಿಸಿ, ಅಂಗೈಯಿಂದ ಒತ್ತಿದಳು. ಆಮೇಲೆ ತನ್ನ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. ‘ನಿಮ್ಮ ಅರ್ಜಿ ಸ್ವೀಕೃತವಾಗಿದೆ. ಸಮಯ: ಹತ್ತು ಗಂಟೆ ಹದಿನೇಳು ನಿಮಿಷ.’

ಟವೆಲ್ ತರಲು ಹೋದ ಹೊತ್ತು!

“ಆಗ್ಲೇ ಜಾಗ ಸಿಕ್ಕಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ? ನಾನಿಲ್ಲಿ ನೀರಲ್ಲಿ ಹೊರಳಾಡಿ ಸಾಯ್ತಿದ್ದೆ!” ಎಂದು ಅಬ್ಬರಿಸಿದೆ.

ಅವಳು ಚೀಟಿಯ ಮೂಲೆಯನ್ನು ಇನ್ನೊಮ್ಮೆ ಒತ್ತಿ ಹೇಳಿದಳು. “ಈಜೋ ಜಾಗಕ್ಕೆ ಮೂರು ವರ್ಷದಿಂದ ಕಾಯ್ತಿದ್ದೆ ಅಷ್ಟೇ. ಈ ಚೀಟಿಗೆ ಇಪ್ಪತ್ತೆರಡು ವರ್ಷದಿಂದ ಕಾಯ್ತಿದ್ದೀನಿ ರೀ!”