ಬಾವುಟದ ಗಂಟು

ನಾಲತವಾಡದ ನಿವೃತ್ತ ಮಾಸ್ತರ ಆನಂದತೀರ್ಥರಿಗೆ ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಆರಕ್ಕೇ ದೇಶಭಕ್ತಿ ನೆತ್ತಿಗೇರಿತ್ತು. ಓಣಿಯ ಬಾವುಟದೊಳಗೆ ಹೂವಿಟ್ಟು ಮಡಿಚಿ, ಜಗ್ಗಿದೊಡನೆ ಬಿಚ್ಚುವಂಥ ಗಂಟು ಹಾಕುವುದು ಇಪ್ಪತ್ತು ವರ್ಷದಿಂದ ದರ್ಜಿ ಗೈಬುಸಾಬನ ಕೆಲಸ. ಆದರೆ ಹೋದ ವಾರ ಅವನ ಅಂಗಡಿಯಲ್ಲಿ ಎದುರು ಪಕ್ಷದ ಬಾವುಟಗಳ ರಾಶಿಯನ್ನು ಮಾಸ್ತರರು ಕಣ್ಣಾರೆ ಕಂಡಿದ್ದರು.

“ಆ ಪಾರ್ಟಿ ಮಂದಿ ದೇಶದ ಬಾವುಟಕ್ಕ ಕೈ ಹಚ್ಚೂದು ಬ್ಯಾಡ,” ಎಂದು ನಾಲ್ಕು ಜನರೆದುರು ಅಂದೇಬಿಟ್ಟರು.

ಯಾರು ಅರಿವೆ ಕೊಟ್ಟರೂ ಹೊಲಿಯುವುದೇ ತನ್ನ ಹೊಟ್ಟೆಪಾಡು ಎಂದ ಗೈಬುಸಾಬ, ಹೂವಿನ ಬುಟ್ಟಿ ಕೆಳಗಿಟ್ಟು ಹಿಂದೆ ಹೋಗಿ ನಿಂತ. ಮಾಸ್ತರರು ತಾವೇ ಗಂಟು ಹಾಕಿದರು. ಒಂದು ಸಾಲದೆನಿಸಿ ಇನ್ನೆರಡು ಬಿಗಿದರು.

ಎಂಟಕ್ಕೆ ಅವರದೇ ಪಕ್ಷದ ಶ್ರೀಶೈಲ ಸಾವುಕಾರರು ಹಗ್ಗ ಜಗ್ಗಿದರು. ಬಾವುಟ ಬುತ್ತಿಗಂಟಿನಂತೆ ಮೇಲೆಯೇ ಕೂತಿತ್ತು. ಮೂರನೇ ಸಲ ಜಗ್ಗಿದಾಗ ಸಾವುಕಾರರ ಟೊಪ್ಪಿಗೆ ಬಿತ್ತು. ಸೆಲ್ಯೂಟ್ ಹೊಡೆದ ಮಕ್ಕಳು ಕೈ ಇಳಿಸುವಂತಿಲ್ಲ, ನಗುವಂತಿಲ್ಲ. ಎದುರು ಪಕ್ಷದ ಯಂಕಪ್ಪ ಮಾತ್ರ ಬಾಯ್ತುಂಬ ನಕ್ಕ.

ಕೊನೆಗೆ ಗೈಬುಸಾಬನೇ ಬಂದ. ಚಪ್ಪಲಿ ಬಿಟ್ಟು, ಬಾವುಟ ಇಳಿಸಿ, ಉಗುರಿನಿಂದ ಗಂಟು ಬಿಡಿಸಿ ಹೊಸದಾಗಿ ಕಟ್ಟಿದ. ಈ ಸಲ ಮೆಲ್ಲಗೆ ಜಗ್ಗಿದ್ದೇ ತಡ, ಹೂವೆಲ್ಲ ಮಾಸ್ತರರ ತಲೆಯ ಮೇಲೇ ಉದುರಿತು.

“ಹಗ್ಗ ಹೊಸಾದೈತ್ರಿ ಸಾವ್ಕಾರ, ಮಾಸ್ತರದೇನೂ ತಪ್ಪಿಲ್ಲ,” ಎಂದ ಗೈಬುಸಾಬ.

ಹಗ್ಗ ಹಳೆಯದೆಂದು ಊರಿಗೇ ಗೊತ್ತಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಸುಳ್ಳಿಗೆ ಮಾಸ್ತರರು ನಾಚಿಕೆಯಿಂದ ಹಿಡಿಯಷ್ಟಾದರು. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿಕೊಂಡರು.

“ಮೊದಲ ಹೋಗಿ ಅವಂಗ ಕೈ ಮುಗದು ಬರ್ರಿ,” ಎಂದರು ಹೆಂಡತಿ ರಂಗೂಬಾಯಿ.

ಸಂಜೆ ಮಾಸ್ತರರು ಅಂಗಡಿಗೆ ಹೋದರು. ಗೈಬುಸಾಬನ ಮುಖ ನೋಡಲಾರದೆ ಕಣ್ಣು ಮುಚ್ಚಿ ಕೈ ಮುಗಿದರು. ಬಾಯಿ ತೆರೆಯುವಷ್ಟರಲ್ಲಿ ಹೆಗಲ ಮೇಲೆ ಏನೋ ಬಿತ್ತು. ಕಣ್ಣು ಬಿಟ್ಟರೆ ಎದುರಿಗೆ ಗೈಬುಸಾಬನಲ್ಲ, ಹೊಲಿಸಿದ್ದ ಪಕ್ಷದ ಬಾವುಟ ಒಯ್ಯಲು ಬಂದು ನಡುವೆ ನಿಂತಿದ್ದ ಯಂಕಪ್ಪ. ಹೆಗಲ ಮೇಲೆ ಅವನ ಪಕ್ಷದ ಶಾಲು.

“ಭಾಳ ಛಲೋ ಮಾಡಿದ್ರಿ ಮಾಸ್ತರ. ಸಾವ್ಕಾರನ ಮಾನ ತಗದ್ರಿ. ಇನ್ನ ನೀವು ನಮ್ಮವ್ರ.”

ಅವನ ಜೊತೆಗಿದ್ದವರು ಫೋಟೋ ಹೊಡೆದರು. ಮಾಸ್ತರರಿಗೆ ಮಾತು ಹೊರಡುವಷ್ಟರಲ್ಲಿ ಯಂಕಪ್ಪ ಹೋಗಿಯಾಗಿತ್ತು, ಅವನಿಗೇ ಕೈ ಮುಗಿದು ನಿಂತಂತಿದ್ದ ಆ ಫೋಟೋ ಸಾವುಕಾರರ ಮೊಬೈಲನ್ನೂ ಮುಟ್ಟಿತ್ತು.

ಗೈಬುಸಾಬ ತಾನೇ ಹೊಲಿದಿದ್ದ ಶಾಲಿನ ಅಂಚಿನಿಂದ ಒಂದು ಎಳೆ ಕತ್ತರಿಸಿದ.

“ಮುಂದಿನ ಸಲ ಹೆಂಗ್ರಿ ಮಾಸ್ತರ?” ಎಂದು ಮೆಲ್ಲಗೆ ಕೇಳಿದ. “ನಿಮ್ಮ ಮಾತಿನಂಗ ನಡದ್ರ, ಬಾವುಟಕ್ಕ ನಾನೂ ಕೈ ಹಚ್ಚೂವಂಗಿಲ್ಲ, ನೀವೂ ಹಚ್ಚೂವಂಗಿಲ್ಲ.”

ಮುಗಿದ ಕೈಗಳನ್ನು ಮಾಸ್ತರರು ಇನ್ನೂ ಇಳಿಸಿರಲಿಲ್ಲ.