ಮಗುಚಿ ಹಾಕಿದ ಮೊಟ್ಟೆ

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಒಂದನ್ನು ಅರ್ಧಕ್ಕೆ ಬಿಟ್ಟವನಿಗೆ ಮತ್ತೆ ಯಾವುದನ್ನೂ ಅರ್ಧಕ್ಕೆ ಬಿಡಲು ಧೈರ್ಯ ಬರುವುದಿಲ್ಲ. ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಸೌದೆ ಒಲೆಯ ಮೇಲೆ ಬಿರಿಯಾನಿ ಬೇಯಿಸಿದ್ದೇನೆ. ಕುಂಬ್ರದಿಂದ ಜಾಲ್ಸೂರಿನವರೆಗೆ ಈ ಅದ್ದುಚ್ಚನ ಬಗ್ಗೆ ಯಾರನ್ನು ಬೇಕಾದರೂ ಕೇಳಿ. ಅದ್ದುಚ್ಚ ಉಪ್ಪು ಹೆಚ್ಚು ಮಾಡಿದ ಎನ್ನುವವರು ಸಿಕ್ಕಾರು, ಅದು ಹೊಟ್ಟೆಕಿಚ್ಚು. ಮಾಂಸ ಬೇಯಲಿಲ್ಲ ಎನ್ನುವವರು ಸಿಗಲಾರರು. ನಮ್ಮ ಕಸುಬಿನಲ್ಲಿ 'ಹಸಿ ಬಡಿಸಿದ' ಎಂಬ ಮಾತು ಒಮ್ಮೆ ಬಂತೆಂದರೆ ಮತ್ತೆ ತಲೆಯೆತ್ತಿ ಸೌಟು ಹಿಡಿಯುವ ಹಾಗಿಲ್ಲ.

ಈಗ ಮದುವೆಗಳೆಲ್ಲ ಕ್ಯಾಟರಿಂಗಿನವರ ಪಾಲು. ಅವರಿಗೆ ಬಿಳಿ ಟೊಪ್ಪಿ ಉಂಟು, ಗ್ಯಾಸಿನ ಒಲೆ ಉಂಟು. ನನ್ನಲ್ಲಿ ಉಳಿದದ್ದು ಒಂದು ದೊಡ್ಡ ಪಾತ್ರೆ ಮತ್ತು ಸಿಟ್ಟು. ಹಾಗಾಗಿ ಕಡಬದ ಹತ್ತಿರ ಹೊಳೆ ಬದಿಯಲ್ಲಿ ಹೋಂಸ್ಟೇ ಮಾಡಿರುವ ರೈಗಳು ಕರೆದಾಗ ಹೆಚ್ಚು ಗತ್ತು ತೋರಿಸಲಿಲ್ಲ. ಎರಡನೇ ಸಲ ಕರೆಯಲಿ ಎಂದು ಕಾದೆ, ಅಷ್ಟೆ. "ಅದ್ದುಚ್ಚ, ಬಯಲಲ್ಲಿ ಬೆಂಕಿ ಹಾಕಿ ಸಂಜೆಗೆ ಸ್ಟೇಕು, ಬೆಳಿಗ್ಗೆಗೆ ತಿಂಡಿ. ಗೆಸ್ಟುಗಳು ಮೆಚ್ಚಿದರೆ ಪ್ರತಿ ಶನಿವಾರ, ಆದಿತ್ಯವಾರ ನಿಮಗೇ" ಎಂದರು.

ಸ್ಟೇಕು ಎಂದರೆ ಎಂತ ಎಂದು ನಾನು ಕೇಳಲಿಲ್ಲ. ಕೇಳುವ ಅಭ್ಯಾಸವನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ. ರೈಗಳೇ ಮೊಬೈಲಿನಲ್ಲಿ ತೋರಿಸಿದರು. ಅಂಗೈಯಗಲದ ದಪ್ಪ ಮಾಂಸದ ತುಂಡು, ಕೆಂಡದ ಮೇಲೆ ಆ ಕಡೆ ಎರಡು ನಿಮಿಷ, ಈ ಕಡೆ ಎರಡು ನಿಮಿಷ, ಕೊಯ್ದರೆ ಒಳಗೆ ಕೆಂಪು. "ಹೀಗೆಯೇ ಬೇಕಂತೆ." ಇಷ್ಟು ಕೆಂಪು ಉಂಟಾದರೆ ಆಡು ಎದ್ದು ಹೋದೀತು ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಆಡಿನ ತೊಡೆಯ ಎಂಟು ತುಂಡು. ಹೇಳಿದ ಹಾಗೆಯೇ ಎರಡೆರಡು ನಿಮಿಷ ಸುಟ್ಟೆ. ಒತ್ತಿ ನೋಡಿದರೆ ಕೆಂಪು ನೀರು. ಕೈ ಒಪ್ಪಲಿಲ್ಲ ಮಾರಾಯ್ರೆ. ಎಂಟನ್ನೂ ಪಾತ್ರೆಗೆ ಹಾಕಿ, ಮುಚ್ಚಳದ ಸುತ್ತ ಮೈದಾಹಿಟ್ಟು ಮೆತ್ತಿ, ಮೇಲೆ ಕೆಂಡ ಸುರಿದು, ಬಿರಿಯಾನಿಗೆ ಕೊಡುವ ಹಾಗೆ ದಮ್ಮು ಕೊಟ್ಟೆ. ಗೆಸ್ಟುಗಳು ಚೂರಿ ಹಿಡಿದುಕೊಂಡು ಒಂದೂವರೆ ಗಂಟೆ ಕುಳಿತರು. ಬಡಿಸಿದಾಗ ಚೂರಿ ತಾಗುವ ಮೊದಲೇ ಮಾಂಸ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ನಾನು ಸೊಂಟಕ್ಕೆ ಕೈ ಕೊಟ್ಟು ಹೊಗಳಿಕೆಗೆ ನಿಂತೆ. ಕನ್ನಡಕದ ಹೆಂಗಸೊಬ್ಬಳು ಎಲ್ಲ ತಿಂದು ಮುಗಿಸಿ, "ಚೆನ್ನಾಗಿತ್ತು ಅಂಕಲ್. ಸ್ಟೇಕ್ ಯಾವಾಗ ಬರುತ್ತೆ?" ಎಂದಳು.

ಬೆಳಿಗ್ಗೆ ಅದೇ ಬೆಂಕಿಯ ಮೇಲೆ ಕಾವಲಿ, ಬ್ರೆಡ್ಡು, ಮೊಟ್ಟೆ. "ಹಳದಿ ಗಟ್ಟಿಯಾಗಬಾರದು, ಅಲುಗಾಡಬೇಕು" ಎಂದು ರೈಗಳು ಮೂರು ಸಲ ಹೇಳಿದರು. ಮೂರು ಸಲವೂ ಆಯ್ತು ಎಂದೆ. ಅವರು ಅತ್ತ ತಿರುಗಿದರು, ನಾನು ಮೊಟ್ಟೆ ಮಗುಚಿದೆ. ಹದಿನಾರನ್ನೂ.

ರೈಗಳು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ನಿಮ್ಮ ಕೈಗೆ ಎಂತ ಆಗಿದೆ ಮಾರಾಯ್ರೆ? ಇನ್ನು ನೀವು ಬೆಂಕಿ ಮಾತ್ರ ಹಾಕಿ ಕೊಡಿ. ಬೇಯಿಸುದು ಅವರೇ ಮಾಡಿಕೊಳ್ತಾರೆ."

"ಬೆಂಕಿ ಹಾಕಲು ಬೆಂಕಿಪೆಟ್ಟಿಗೆ ಸಾಕು ರೈಗಳೇ, ಅದ್ದುಚ್ಚ ಬೇಡ" ಎಂದು ಪಾತ್ರೆ ಹೊತ್ತು ಬಸ್ಸು ಹತ್ತಿದೆ. ಪುತ್ತೂರಿನವರೆಗೆ ಆ ಮಾತನ್ನೇ ನೆನೆಸಿ ಖುಷಿಪಟ್ಟೆ. ಪುತ್ತೂರು ದಾಟಿದ ಮೇಲೆ ಕೈಬಿಟ್ಟ ಶನಿವಾರಗಳು ನೆನಪಾದವು.

ಮನೆಯಲ್ಲಿ ಹೆಂಡತಿ ಮೈಮುನಾಳಿಗೆ ಎಲ್ಲ ಹೇಳಿ, "ಹಳದಿ ಅಲುಗಾಡುವ ಮೊಟ್ಟೆಯನ್ನು ಮನುಷ್ಯರಾದವರು ತಿನ್ನುದುಂಟಾ?" ಎಂದೆ.

"ನಾನು ತಿನ್ನುದು" ಎಂದಳು.

"ಯಾವಾಗ?"

"ನೀವು ಮದುವೆ ಮನೆಗೆ ಹೊರಟ ಮೇಲೆ. ಎದುರಿಗಿದ್ದರೆ ಮಗುಚಿ ಬಿಡ್ತೀರಲ್ಲ. ಈಗ ನೀವು ಎಲ್ಲಿಗೂ ಹೋಗುದಿಲ್ಲ, ತಿನ್ನದೆ ಒಂದು ವರ್ಷ ಆಗಿತ್ತು. ಇವತ್ತು ಬೆಳಿಗ್ಗೆ ತಿಂದೆ."

ಊರಿಗೆಲ್ಲ ಬಡಿಸಿದವನು ಇವಳ ತಟ್ಟೆಗೆ ಎಂತ ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ಅವಳು ಎದ್ದು ಕಾವಲಿಗೆ ಎರಡು ಮೊಟ್ಟೆ ಒಡೆದಳು. ಒಂದನ್ನು ಹಾಗೆಯೇ ಬಿಟ್ಟಳು, ಒಂದನ್ನು ಮಗುಚಿದಳು. ಮಗುಚಿದ್ದು ನನಗೆ. ಚೆನ್ನಾಗಿ ಬೆಂದಿತ್ತು, ಹೆಸರಿಡುವ ಹಾಗಿರಲಿಲ್ಲ. ಒಣ ಹಳದಿ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕೇಳಲು ಮರ್ಯಾದೆ ಅಡ್ಡ ಬಂತು.