ಸೆರಗಿನೊಳಗೆ ಕೈ ಬಚ್ಚಿಡುವ ಕಾಕು

ನಮ್ಮ ಕಾಕುಗೆ ಎರಡು ಕೈಗಳಿವೆ ಎಂದರೆ ಗುಡಗೇರಿಯ ಅರ್ಧ ಊರು ನಂಬಲಿಕ್ಕಿಲ್ಲ! ನನ್ನ ಚಿಕ್ಕಪ್ಪನ ಹೆಂಡತಿಯಾದ ಈಕೆ ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ದಿನಾ ಮಧ್ಯಾಹ್ನ ತನ್ನ ಪಡಸಾಲೆಯಲ್ಲಿ ಊರವರಿಗೆ ಮೊಬೈಲ್ ಕಲಿಸುತ್ತಾಳೆ, ಅದೂ ಪುಕ್ಕಟೆಯಾಗಿ. ಆದರೆ ಯಾರಾದರೂ "ನೀವ ಒತ್ತಿಬಿಡ್ರಿ" ಎಂದರೋ, ಎರಡೂ ಕೈ ಸೆರಗಿನೊಳಗೆ ಮಾಯ!

"ನನಗ ಕೈ ಇಲ್ಲ. ನಿಮ್ಮ ಬೆರಳ ತರ್ರಿ."

ರೊಟ್ಟಿ ಬಡಿದು ಪಳಗಿದ ಹೆಂಗಸರಿಗೆ ಮುಟ್ಟುವುದೆಂದರೆ ಬಡಿಯುವುದೇ. ಪಾಪ, ಮೊಬೈಲಿನ ಗತಿ ಏನಾಗಬೇಕು? ಅದಕ್ಕೇ ಕಾಕು ಪರಾತವೆಂಬ ಅಗಲ ತಟ್ಟೆಯಲ್ಲಿ ಜೋಳದ ಹಿಟ್ಟು ಹರವಿದಳು. "ಮ್ಯಾಲಿನ ಹಿಟ್ಟಷ್ಟ ಸರೀಬೇಕು. ತಳ ಕಾಣಬಾರದು." ಎಲ್ಲರೂ ಉಸಿರು ಬಿಗಿಹಿಡಿದು ಬೆರಳು ಎಳೆಯುತ್ತಿದ್ದಾಗ ಒಂದು ಕೋಳಿ ಒಳನುಗ್ಗಿ ಪರಾತ ದಾಟಿ ಹೋಯಿತು. ಕಾಕು ಬಗ್ಗಿ ಅದರ ಹೆಜ್ಜೆಗುರುತು ನೋಡಿದಳು.

"ಇದು ಪಾಸಾತು. ಇನ್ನ ನೀವ ಉಳದೀರಿ!"

ಒಬ್ಬ ನಿವೃತ್ತ ಮಾಸ್ತರರು ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದರು. ಗುಟ್ಟಾಗಿಡಬೇಕಾದ ಒಟಿಪಿ ಬಂದದ್ದೇ ತಡ, ಹಾಜರಿ ಕೂಗುವ ದನಿಯಲ್ಲಿ ಎಲ್ಲ ಅಂಕಿಗಳನ್ನೂ ಓದಿಬಿಟ್ಟರು!

"ಓಣಿಗೆಲ್ಲಾ ಬಾಯಿಪಾಠ ಆತ್ರಿ ಸರ," ಎಂದಳು ಕಾಕು. "ಇನ್ನೊಂದ ತರಸ್ರಿ. ಮನಸಿನ್ಯಾಗ ಓದ್ರಿ."

ನಾನು ಒಮ್ಮೆ ರೇಗಿದೆ. "ಕಾಕು, ಎರಡ ನಿಮಿಷದ ಕೆಲಸ. ನೀನ ಮಾಡಿಕೊಟ್ಟರ ಏನಾಗ್ತದ?"

ಕಾಕು ಪರಾತದ ಹಿಟ್ಟನ್ನು ಸಮ ಮಾಡಿದಳು. "ಪೋಸ್ಟಿನ್ಯಾಗ ಇದ್ದಾಗ ಮಂದಿಗೆ ಪತ್ರ ಬರದ ಕೊಟ್ನಿ, ಓದಿ ಕೊಟ್ನಿ. ಅವರ ಮನಿ ಮಾತೆಲ್ಲಾ ನನಗ ಗೊತ್ತಿತ್ತು. ದಾರ್ಯಾಗ ಸಿಕ್ಕರ ಅವರು ನನ್ನ ಮುಖಾ ನೋಡತಿದ್ದಿಲ್ಲ."

ಮರುವಾರ ಒಬ್ಬ ಹೆಣ್ಣುಮಗಳು ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಳು. ಆಕೆಯ ಗಂಡ ಕುರಿ ಹಿಂಡಿನೊಂದಿಗೆ ನವಲಗುಂದದ ಕಡೆಯ ಎರೆಹೊಲಗಳಲ್ಲಿದ್ದ. ಇಬ್ಬರಿಗೂ ಓದು ಬಾರದು. ಇಷ್ಟು ದಿನ ಮೈದುನನೇ ಫೋನು ಹಚ್ಚಿಕೊಡುತ್ತಿದ್ದ, ನಟ್ಟ ನಡು ಅಂಗಳದಲ್ಲಿ, ಮನೆಮಂದಿಗೆಲ್ಲ ಕೇಳುವಂತೆ.

"ಏನ ಮಾತಾಡ್ತಿದ್ದಿ ಯವ್ವಾ?" ಎಂದಳು ಕಾಕು.

"ಆರಾಮ ಅದೀವಿ ಅಂತಿದ್ನಿರಿ." ಆಕೆ ತಲೆ ತಗ್ಗಿಸಿದಳು. "ಹೋದ ತಿಂಗಳ ಹೊಟ್ಟ್ಯಾಗಿನ ಕೂಸು ಹೋತ್ರಿ. ಆಗೂ ಅಷ್ಟ ಅಂದ್ನಿ."

ಗಂಡನ ಫೋಟೋ ಗುರುತಿಸುವುದು, ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡುವುದು, ಮುಗಿದ ಮೇಲೆ ಬೆರಳು ಬಿಡುವುದು. ಇಷ್ಟು ಕಲಿಯಲು ನಾಲ್ಕು ದಿನ ಹಿಡಿಯಿತು. ನಾಲ್ಕನೆಯ ದಿನ ಕಾಕು ಮಾಸ್ತರರನ್ನೂ ಸೇರಿಸಿ ನಮ್ಮೆಲ್ಲರನ್ನೂ ಹೊರಗಟ್ಟಿದಳು. ತಾನೂ ಬಂದು ಬಾಗಿಲು ಮುಂದೆ ಮಾಡಿ ಕಟ್ಟೆಯ ಮೇಲೆ ಕುಳಿತಳು. ಆಮೇಲೆ ಒಳಗಿನಿಂದ ಸಣ್ಣ ದನಿಯೊಂದು ಶುರುವಾಯಿತು. ಮಾತು ತಿಳಿಯುತ್ತಿರಲಿಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ.

ಆಕೆ ಹೊರಬಂದಾಗ ಯಾರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಗೋಡೆಯ ಕಡೆ ತಿರುಗಿ ಅದನ್ನು ಕಿವಿಗೆ ಹಿಡಿದಳು. ಕೇಳಿದಳು. ಮತ್ತೊಮ್ಮೆ ಕೇಳಿದಳು.

"ಕುರಿ ಗೆಳೆಯಗ ಒಪ್ಪಿಸಿ ಹೊಂಟಾನಂತ್ರಿ," ಎಂದಳು ನಮ್ಮತ್ತ ತಿರುಗಿ. "ಸಂಜಿಗೆ ಬರ್ತಾನಂತ."

ಕಾಕು ಚಹಾ ಮಾಡುತ್ತೇನೆಂದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಒಲೆಯನ್ನೇ ಹಚ್ಚಿರಲಿಲ್ಲ; ಎರಡೂ ಕೈಯಲ್ಲಿ ಸೆರಗು ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು.